ರಾಯಣ್ಣನ ದಿನ ಹುಟ್ಟಿದವಳು

"ಏಪ್ರಿಲ್ ಇಪ್ಪತ್ನಾಕು! ಸಚಿನ್ ತೆಂಡೂಲ್ಕರೂ ನಂದ, ರಾಜಕುಮಾರೂ ನಂದ! ಡಬಲ್! ಡಬಲ್!"

ಅನಿಕೇತ ಬೆಂಚಿನ ಮೇಲೆ ನಿಂತು ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದ. ಆವತ್ತು ಬೆಳಗಾವಿಯ ಅನಗೋಳದ ಆ ಶಾಲೆಯ ಐದನೆಯ ತರಗತಿ ತರಗತಿಯಂತಿರಲಿಲ್ಲ. ಹಬ್ಬದ ಹಿಂದಿನ ದಿನದ ರವಿವಾರ ಪೇಟೆ ಎಂಬ ಮಾರುಕಟ್ಟೆ ಬೀದಿಯಂತಿತ್ತು. ಎಲ್ಲರೂ ಕೂಗುವವರೇ, ಕೇಳುವವರು ಒಬ್ಬರೂ ಇಲ್ಲ.

"ಕೆಳಗ ಇಳಿಯೋ ಮಂಗ್ಯಾ," ಎಂದರು ಕಾಂತಾ ಟೀಚರ್. ಬೈದರೂ ಅವರ ಮುಖದಲ್ಲಿ ನಗು ತುಂಬಿತ್ತು. ಈ ಗದ್ದಲ ಎಬ್ಬಿಸಿದವರು ಅವರೇ ಅಲ್ಲವೇ? "ನೀವು ಹುಟ್ಟಿದ ದಿನಾನ ಹುಟ್ಟಿದ ಫೇಮಸ್ ಮಂದಿ ಯಾರ ಅದಾರ, ಹುಡಿಕ್ಕೊಂಡ ಬರ್ರಿ," ಎಂದು ನಿನ್ನೆ ಹೋಮ್‌ವರ್ಕ್ ಕೊಟ್ಟಿದ್ದರು. ಮಕ್ಕಳೆಲ್ಲ ಮನೆಯ ಮೊಬೈಲು ಹಿಡಿದು ಹುಡುಕಿದ್ದೇ ಹುಡುಕಿದ್ದು.

ಒಬ್ಬಳಿಗೆ ಗಾಂಧೀಜಿ ಮತ್ತು ಶಾಸ್ತ್ರೀಜಿ ಇಬ್ಬರೂ ಸಿಕ್ಕಿದ್ದರು. ಒಬ್ಬನಿಗೆ ಧೋನಿ ಸಿಕ್ಕಿದ್ದ. ಇನ್ನೊಬ್ಬನಿಗೆ ವಿಶ್ವೇಶ್ವರಯ್ಯ ಸಿಕ್ಕಿದ್ದರು, ಆದರೆ ಅವನಿಗೆ ಕೊಹ್ಲಿ ಬೇಕಾಗಿತ್ತಂತೆ. ಅದಕ್ಕೇ ಮುಖ ಊದಿಸಿಕೊಂಡು ಕೂತಿದ್ದ.

ಸಮೃದ್ಧಿ ಮಾತ್ರ ಬಾಯಿ ಬಿಗಿ ಹಿಡಿದು ಕಾಯುತ್ತಿದ್ದಳು. ಮನಸ್ಸಿನೊಳಗೇ ಲಾಡು ಒಡೆದಂಥ ಖುಷಿ. ತನ್ನ ಸರದಿ ಬರುತ್ತಲೇ ಎದ್ದು ನಿಂತು, "ಆಗಸ್ಟ್ ಹದಿನೈದು. ಸಂಗೊಳ್ಳಿ ರಾಯಣ್ಣ!" ಎಂದಳು.

ತರಗತಿಯ ತುಂಬ ಚಪ್ಪಾಳೆಯೋ ಚಪ್ಪಾಳೆ.

"ರಾಯಣ್ಣ ಹುಟ್ಟಿದ್ದು ಆಗಸ್ಟ್ ಹದಿನೈದಕ್ಕ ಟೀಚರ್, ಗಲ್ಲಿಗೇರಿಸಿದ್ದು ಜನವರಿ ಇಪ್ಪತ್ತಾರಕ್ಕ. ಎರಡೂ ದಿನಾ ನಾವು ಝೆಂಡಾ ಏರಸ್ತೀವಿ! ಗಲ್ಲಿಗೇರಿಸಿದ್ದು ನಂದಗಡದಾಗ. ಅದು ನಮ್ಮ ಆಯಿ, ಅಂದ್ರ ಮಮ್ಮಿಯ ಅವ್ವನ ಊರಿನ ಕಡೇನ, ಖಾನಾಪುರ ತಾಲೂಕ. ನಾನೂ ಖಾನಾಪುರದಾಗ ಹುಟ್ಟೀನಿ!" ಸಮೃದ್ಧಿ ಉಸಿರು ತೆಗೆದುಕೊಳ್ಳದೆ ಹೇಳಿ ಮುಗಿಸಿದಳು.

ಕಾಂತಾ ಟೀಚರ್ ಕಣ್ಣರಳಿಸಿದರು. "ಅಬ್ಬಬ್ಬಾ! ಈ ಸಲ ಝೆಂಡಾ ಏರಿಸಿದ ಮ್ಯಾಲ ಯಾರರೆ ರಾಯಣ್ಣನ ವೇಷ ಹಾಕ್ಕೊಂಡು ಮಾತಾಡಬೇಕು ಅಂತ ಹೆಡ್ ಸರ್ ಹೇಳ್ಯಾರ. ಯಾರಿಗೆ ಕೊಡೂಣು ಅಂತ ನಾನೂ ವಿಚಾರ ಮಾಡಾಕತ್ತಿದ್ದೆ. ರಾಯಣ್ಣನ ದಿನಾನ ಹುಟ್ಟಿದಾಕಿ ಇಲ್ಲೇ ಇದ್ದಾಳಲ್ಲ!"

ರುಮಾಲು! ಹೆಗಲ ಮೇಲೆ ಕರಿ ಕಂಬಳಿ! ಕೈಯಲ್ಲಿ ಕತ್ತಿ! ಸಮೃದ್ಧಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಪಕ್ಕದಲ್ಲಿ ಕುಳಿತ ಬೀರೇಶ ಮೆಲ್ಲಗೆ ತಲೆ ತಗ್ಗಿಸಿದ. ಮೈಕು ಇಲ್ಲದೆಯೂ ಮೈದಾನದ ಆಚೆಗೆ ಕೇಳಿಸುವಂಥ ದನಿ ಅವನದು. ರಾಯಣ್ಣನ ಮಾತುಗಳನ್ನು ಅವನು ಕಳೆದ ವರ್ಷದಿಂದಲೇ ಬಾಯಿಪಾಠ ಮಾಡಿದ್ದ. ಆದರೆ ಅವನ ಹುಟ್ಟಿದ ದಿನ ಜೂನ್‌ನಲ್ಲಿ.

"ಟೀಚರ್ ಟೀಚರ್! ಚಾರ್ಟ್ ನೋಡ್ರಿ!"

ಅನಿಕೇತನ ದನಿ. ಗೋಡೆಯ ಮೇಲೆ ಬರ್ತ್‌ಡೇ ಚಾರ್ಟ್ ಇತ್ತು. ತಿಂಗಳಿಗೊಂದು ಬಣ್ಣದ ಬಲೂನು, ಬಲೂನಿನೊಳಗೆ ಮಕ್ಕಳ ಹೆಸರು. ಆಗಸ್ಟ್‌ನ ಬಲೂನಿನ ಮೇಲೆ ಅನಿಕೇತ ಬೆರಳಿಟ್ಟಿದ್ದ. "ಸಮೃದ್ಧಿ, ಹದಿನಾರು! ಹದಿನಾರ ಐತಿ ಟೀಚರ್!"

"ಅದು ತಪ್ಪ ಐತಿ," ಎಂದಳು ಸಮೃದ್ಧಿ. "ನಾವು ಪ್ರತಿ ವರ್ಷ ಹದಿನೈದಕ್ಕನ ಕೇಕ್ ಕಟ್ ಮಾಡ್ತೀವಿ."

"ಸಾಲಿ ದಾಖಲೆ ನೋಡೇ ಬರದೀನಲ್ಲವಾ," ಎಂದು ಟೀಚರ್ ಹಣೆ ಉಜ್ಜಿಕೊಂಡರು.

"ಒಂದಿನಾ ಲೇಟ್ ಎಕ್ಸ್‌ಪ್ರೆಸ್!" ಎಂದು ಅನಿಕೇತ ರೈಲಿನ ಹಾಗೆ ಕೂಗಿದ. ಅವನ ಹಿಂದೆ ಇಡೀ ತರಗತಿ ಬೋಗಿಗಳಂತೆ ಕೂಗಿತು.

"ಸಾಕ ಸಾಕು! ಸಮೃದ್ಧಿ, ಮನ್ಯಾಗ ಕೇಳ್ಕೊಂಡ ಬಾ. ಸೋಮವಾರ ಹೇಳು," ಎಂದರು ಟೀಚರ್.

ಮನೆಗೆ ಬಂದವಳೇ ಚೀಲ ಒಗೆದು ಅಡುಗೆಮನೆಗೆ ಓಡಿದಳು. ಅವಳ ಅಮ್ಮ ಪ್ರಮಿಳಾ ರೊಟ್ಟಿ ಬಡಿಯುತ್ತಿದ್ದರು.

"ಮಮ್ಮಿ, ನಾ ಹುಟ್ಟಿದ್ದು ಹದಿನೈದಕ್ಕೋ ಹದಿನಾರಕ್ಕೋ?"

"ದವಾಖಾನ್ಯಾಗ ಹದಿನಾರು ಅಂತ ಬರದಾರ. ನೀ ಹುಟ್ಟಿದಾಗ ರಾತ್ರಿ ಎರಡಾಗಿತ್ತು."

ಸಮೃದ್ಧಿ ಅಮ್ಮನ ರೊಟ್ಟಿ ಬಡಿಯುವ ಕೈ ಹಿಡಿದು ನಿಲ್ಲಿಸಿದಳು. "ಮತ್ತ ಹದಿನೈದಕ್ಕ ಯಾಕ ಬರ್ತ್‌ಡೇ ಮಾಡ್ತೀರಿ?"

"ಅದನ್ನ ನಿಮ್ಮ ಆಯಿನ್ನ ಕೇಳು. ಹದಿನೈದು ಅಂದ್ರ ಹದಿನೈದು ಅಂತ ಹಟಾ ಹಿಡದು ಕುಂತಿದ್ಲು. ನರ್ಸಬಾಯಿ ಜೋಡಿನೂ ಜಗಳಾ ತಗದಿದ್ಲು. ಆಕಿ ಮುಂದ ಯಾರದ ನಡಿತೈತಿ?"

ಪಪ್ಪಾ ಲಕ್ಷ್ಮಣ ಬೆಳಗಾವಿ–ಖಾನಾಪುರ ಬಸ್ಸಿನ ಕಂಡಕ್ಟರು. ಮಗಳ ಮುಖ ನೋಡಿದವರೇ, "ರವಿವಾರ ರಜಾ ಐತೆಲ್ಲ, ನನ್ನ ಬಸ್ಸಿನ್ಯಾಗ ನಡಿ. ಆಯಿನ್ನ ಕೇಳೇ ಬಿಡು," ಎಂದರು.

ರವಿವಾರ ಜಿಟಿಜಿಟಿ ಮಳೆ. ಕಿಟಕಿಯ ಗಾಜಿನ ಮೇಲೆ ನೀರು ಓಡುತ್ತಿತ್ತು. ಪಪ್ಪಾ ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ "ಒಳಗ ಸರೀರಿ", "ಆತ ಚಲಾ" ಎನ್ನುತ್ತ ಟಿಕೆಟು ಹರಿಯುತ್ತಿದ್ದರು. ಸಮೃದ್ಧಿ ಮಾತ್ರ, 'ದೇವರೇ, ಹದಿನೈದೇ ಆಗಿರಲಿ,' ಎಂದು ಬೇಡಿಕೊಳ್ಳುತ್ತ ಕುಳಿತಿದ್ದಳು.

ಆಯಿಯ ಹೆಸರು ಭರಮವ್ವ. ಖಾನಾಪುರದ ಆ ಓಣಿಯಲ್ಲಿ ಆಯಿಯ ಮನೆಯ ಕಟ್ಟೆಯೆಂದರೆ ಅಜ್ಜಿಯರ ಪಾರ್ಲಿಮೆಂಟು. ಆವತ್ತೂ ಸಾತವ್ವಜ್ಜಿ ಮತ್ತು ಚಂದ್ರವ್ವಜ್ಜಿ ಬಂದು ಕುಳಿತಿದ್ದರು. ಮೂವರೂ ಶೇಂಗಾ ಸುಲಿಯುತ್ತ ಯಾರದೋ ಸೊಸೆಯ ಸುದ್ದಿ ಹಚ್ಚಿದ್ದರು.

ಸಮೃದ್ಧಿ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಆಯಿಯ ಹುಬ್ಬುಗಳು ಮೇಲೇರಿದವು.

"ಯಾಂವ ಅಂದಾಂವ ಹದಿನಾರು ಅಂತ?"

"ರಾತ್ರಿ ಹನ್ನೆರಡಾದ ಮ್ಯಾಲ ತಾರೀಖು ಚೇಂಜ್ ಆಗತೈತಿ ಆಯಿ."

"ಕತ್ತಲ್ಯಾಗ ದಿನಾ ಹೆಂಗ ಚೇಂಜ್ ಆಗತೈತಿ? ಇನ್ನಾ ಕೋಳಿ ಕೂಗಿರಲಿಲ್ಲ, ನಸುಕ ಹರದಿರಲಿಲ್ಲ. ಹೊತ್ತ ಮೂಡೂತನಾ ಹಿಂದಿನ ದಿನಾನ ಅದು. ನಮ್ಮ ಮನ್ಯಾಗ ಯಾರ ಹುಟ್ಟಿದ್ರೂ ಹಂಗ ಎಣಸೂದು."

"ಖರೇ ಐತಿ," ಎಂದರು ಸಾತವ್ವಜ್ಜಿ. "ಹೊತ್ತ ಮೂಡಿದ ಮ್ಯಾಲನ ದಿನಾ ಹತ್ತೂದು."

ಆಯಿಗೆ ಹುರುಪು ಬಂತು. ಸುಲಿಯುವುದನ್ನು ಬಿಟ್ಟು ಕೈಯಾಡಿಸಿ ಹೇಳತೊಡಗಿದರು. "ಆವತ್ತ ಮುಂಜಾನೆ ಸಾಲಿ ಹುಡುಗ್ರು ಝೆಂಡಾ ಹಿಡಕೊಂಡು ಜೈ ಅನಕೋಂತ ಈ ಓಣ್ಯಾಗ ಹೋದ್ರು. ನಿಮ್ಮವ್ವ ಇದ ಕಟ್ಟಿ ಮ್ಯಾಲ ಕುಂತು ನೋಡಿದ್ಲು. ಸಂಜಿಕ ಬ್ಯಾನಿ ಸುರು ಆತು. ಹೊರಗ ಧೋ ಧೋ ಮಳಿ, ಕರೆಂಟ್ ಇಲ್ಲ. ಒಂದ ರಿಕ್ಷಾ ಹಿಡದು ದವಾಖಾನಿ ಮುಟ್ಟಿದ್ವಿ. ನಾ ಒಂದ ರೆಪ್ಪಿ ಮುಚ್ಚಲಿಲ್ಲವಾ. ಮಲಗಿ ಎದ್ರ ತಾನ ನಾಳೆ ಬರೂದು? ನಾ ಮಲಗೇ ಇಲ್ಲ. ನನ್ನ ಪಾಲಿಗೆ ಅದು ಒಂದ ದಿನಾ. ಹದಿನೈದನ!"

ಸಮೃದ್ಧಿ ಕಟ್ಟೆಯಿಂದ ಛಂಗನೆ ಜಿಗಿದಳು. "ಹಂಗಾರ ನಾ ರಾಯಣ್ಣನ ದಿನಾನ ಹುಟ್ಟಿದಾಕಿ! ಅನಿಕೇತಗ ಈಗ ತೋರಸ್ತೇನಿ!" ಮಳೆಯಲ್ಲೇ ಒಂದು ಸುತ್ತು ಕುಣಿದು ಬಂದಳು. ಖುಷಿಯ ಭರದಲ್ಲಿ, "ಆಯಿ, ನಿನ್ನ ಬರ್ತ್‌ಡೇ ಯಾವಾಗ? ನಿನ್ನ ಜೋಡಿ ಯಾರ ಹುಟ್ಯಾರ ನೋಡೂಣು!" ಎಂದಳು.

"ನಂದಾ? ಆಧಾರ್ ಕಾರ್ಡ್ ಮಾಡಾಂವ ಜನವರಿ ಒಂದು ಹಾಕ್ಯಾನ."

"ನಂದೂ ಜನವರಿ ಒಂದು," ಎಂದರು ಸಾತವ್ವಜ್ಜಿ.

"ನಂದೂ ಅದ," ಎಂದರು ಚಂದ್ರವ್ವಜ್ಜಿ.

ಸಮೃದ್ಧಿ ಬಾಯಿ ತೆರೆದು ಮೂವರನ್ನೂ ನೋಡಿದಳು. "ಮೂರೂ ಮಂದಿದು ಒಂದ ದಿನಾ?"

"ನಮ್ಮದಷ್ಟ ಅಲ್ಲ, ಆ ಮನಿ ಪದ್ಮವ್ವಂದೂ ಅದ. ತಾರೀಖು ಯಾರಿಗೆ ನೆನಪಿತ್ತು? ಗೊತ್ತಿಲ್ಲ ಅಂದವರಿಗೆಲ್ಲಾ ಜನವರಿ ಒಂದು!" ಎಂದು ಚಂದ್ರವ್ವಜ್ಜಿ ಬೊಚ್ಚು ಬಾಯಿ ತೆರೆದು ನಕ್ಕರು.

"ಹಂಗಾರ ಖರೇ ಬರ್ತ್‌ಡೇ ಯಾವುದು?"

"ಯಾರಿಗ್ಗೊತ್ತ," ಎಂದರು ಆಯಿ. "ನಮ್ಮವ್ವ ಕುರಿ ಹಿಂದ ಹೊಂಟಿದ್ಲಂತ, ದಾರ್ಯಾಗ ನಾ ಹುಟ್ಟಿದ್ನಂತ. ಮಳಿ ಇತ್ತು ಅಂತಿದ್ಲು. ಅಷ್ಟ."

"ತಡೀರಿ, ನಾ ನಿಮಗೆಲ್ಲಾ ಹೊಸಾ ಬರ್ತ್‌ಡೇ ಕೊಡ್ತೇನಿ!" ಸಮೃದ್ಧಿ ನಡುಗಟ್ಟಿ ನಿಂತಳು. ತರಗತಿಯಲ್ಲಿ ಕೇಳಿದ ತಾರೀಖುಗಳೆಲ್ಲ ತಲೆಯಲ್ಲಿದ್ದವು. "ನವೆಂಬರ್ ಹದಿನಾಕು, ನೆಹರೂ ಹುಟ್ಟಿದ ದಿನಾ, ಮಕ್ಕಳ ದಿನಾಚರಣೆ! ಯಾರಿಗೆ ಬೇಕು?"

"ನನಗ ಕೊಡು ಅದನ್ನ," ಎಂದರು ಚಂದ್ರವ್ವಜ್ಜಿ. "ಹಲ್ಲ ಇಲ್ಲ, ಕೂಸಿನಂಗ ಆಗೀನಿ."

"ಏಪ್ರಿಲ್ ಇಪ್ಪತ್ನಾಕು, ಸಚಿನ್ ಮತ್ತ ರಾಜಕುಮಾರ್!"

"ಅದು ನಂದು!" ಸಾತವ್ವಜ್ಜಿ ಶೇಂಗಾದ ಮೊರವನ್ನೇ ಬದಿಗೆ ತಳ್ಳಿದರು. "ಸಚಿನ್‌ನ ಯಾರಿಗರೆ ಕೊಡು, ರಾಜಕುಮಾರ್ ನನಗಿರ್ಲಿ."

"ಅಯ್ಯ, ಈ ವಯಸ್ಸಿನ್ಯಾಗ ನೋಡ ಇಕೀನ!" ಎಂದು ಚಂದ್ರವ್ವಜ್ಜಿ ತಿವಿದರು. ಕಟ್ಟೆಯ ತುಂಬ ನಗೆ.

"ಆಯಿ, ನಿನಗ ಅಕ್ಟೋಬರ್ ಎರಡು? ಗಾಂಧೀಜಿ?"

"ಬ್ಯಾಡವಾ. ನಾ ದಿನಾ ಒಬ್ಬರ ಜೋಡಿ ಜಗಳಾ ಮಾಡಾಕಿ, ಆ ಮಹಾತ್ಮಗ ಯಾಕ ತ್ರಾಸ?"

"ಸೆಪ್ಟೆಂಬರ್ ಹದಿನೈದು, ವಿಶ್ವೇಶ್ವರಯ್ಯ?"

ಆಯಿ ತಲೆಯಲ್ಲಾಡಿಸಿದರು. ಒಂದು ಶೇಂಗಾ ಒಡೆದು, ಕಾಳನ್ನು ಮೊಮ್ಮಗಳ ಬಾಯಿಗೆ ಹಾಕಿ, "ನಿನ್ನ ಹತ್ರ ಎರಡ ಅದಾವಲ್ಲ, ಒಂದ ನನಗ ಕೊಡು. ಆ ಹದಿನೈದು ಕೊಡು," ಎಂದರು.

"ರಾಯಣ್ಣಂದಾ?"

"ಅವಂದಲ್ಲ, ನಿಂದು. ನನಗ ಯಾವ ತಾರೀಖೂ ನೆನಪ ಉಳಿಯಂಗಿಲ್ಲ. ನಮ್ಮವ್ವ ಸತ್ತ ತಾರೀಖೂ ಗೊತ್ತಿಲ್ಲ, ನನ್ನ ಮದವಿ ತಾರೀಖೂ ಗೊತ್ತಿಲ್ಲ. ಅದೊಂದ ದಿನಾ ಮಾತ್ರ ಹೊತ್ತ ಮೂಡಿದಾಗಿಂದ ಹೊತ್ತ ಮೂಡೂತನಾ ಪೂರಾ ಗೊತ್ತೈತಿ." ಆಯಿ ನಗುನಗುತ್ತಲೇ ಹೇಳಿದರು. ಹೇಳಿ, ಮತ್ತೆ ಶೇಂಗಾ ಸುಲಿಯತೊಡಗಿದರು.

ಅಷ್ಟರಲ್ಲಿ ಪಪ್ಪಾ ಬಂದು, "ನಡಿಯವಾ, ಬಸ್ ಬಿಡೂ ಹೊತ್ತಾತು," ಎಂದರು.

ವಾಪಸು ಬರುವಾಗ ಮಳೆ ನಿಂತಿತ್ತು. ಆಯಿ ತಮಾಷೆಗೆ ಕೇಳಿದರೋ, ಖರೇ ಕೇಳಿದರೋ? ಹದಿನೈದನ್ನು ಕೊಟ್ಟುಬಿಟ್ಟರೆ ರುಮಾಲು ಹೋಗುತ್ತದೆ, ಕತ್ತಿ ಹೋಗುತ್ತದೆ. ಕೊಡದಿದ್ದರೆ? ಆಯಿ ಏನೂ ಅನ್ನುವುದಿಲ್ಲ. ಜನವರಿ ಒಂದನ್ನೇ ಇಟ್ಟುಕೊಂಡು ಕಟ್ಟೆಯ ಮೇಲೆ ನಗುತ್ತ ಕೂರುತ್ತಾರೆ. ದೇಸೂರು ದಾಟುವವರೆಗೂ ಸಮೃದ್ಧಿ ಒಮ್ಮೆ ಹೌದು, ಒಮ್ಮೆ ಅಲ್ಲ ಎಂದುಕೊಳ್ಳುತ್ತಲೇ ಇದ್ದಳು.

ಸೋಮವಾರ ಅನಿಕೇತ ಬಾಗಿಲಲ್ಲೇ ಕಾಯುತ್ತಿದ್ದ. "ಬಂತ್ರೋ, ಲೇಟ್ ಎಕ್ಸ್‌ಪ್ರೆಸ್ ಬಂತು!"

ಸಮೃದ್ಧಿ ಸಿಟ್ಟಾಗಲಿಲ್ಲ. ಟೀಚರ್ ಕೇಳಿದಾಗ ಎದ್ದು ನಿಂತು ಎಲ್ಲವನ್ನೂ ಹೇಳಿದಳು. ಗಡಿಯಾರದ ದಿನ, ಸೂರ್ಯನ ದಿನ, ಕರೆಂಟಿಲ್ಲದ ರಾತ್ರಿ, ನಿದ್ದೆ ಮಾಡದ ಆಯಿ. ತರಗತಿಯಲ್ಲಿ ಮತ್ತೆ ಗದ್ದಲವೆದ್ದಿತು. "ಗಡಿಯಾರನ ಖರೇ!" ಎಂದರು ಕೆಲವರು. "ನಮ್ಮ ಅಜ್ಜಿನೂ ಹಂಗ ಅಂತಾಳ, ಹದಿನೈದನ!" ಎಂದರು ಕೆಲವರು. ಬೀರೇಶ ಕೂಡ, "ಹದಿನೈದ ಐತಿ ಟೀಚರ್," ಎಂದು ಕೂಗಿದ. ಗೋಡೆ ನಡುಗಿತು.

"ಎರಡೂ ಬರೋಬ್ಬರಿ ಅದಾವ," ಎಂದರು ಕಾಂತಾ ಟೀಚರ್. "ನೀನ ಹೇಳವಾ. ನೀ ಹದಿನೈದು ಅಂದ್ರ ರಾಯಣ್ಣ ನೀನ."

ಇಷ್ಟೇ ಸಾಕಿತ್ತು. ಹದಿನೈದು ಎಂದರೆ ಮುಗಿಯಿತು. ಸಮೃದ್ಧಿಯ ನಾಲಗೆಯ ತುದಿಗೆ ಅದು ಬಂದೂಬಿಟ್ಟಿತ್ತು.

"ಹದಿನಾರ ಇರ್ಲಿ ಟೀಚರ್," ಎಂದಳು. "ಹದಿನೈದನ್ನ ನಾ ನಮ್ಮ ಆಯಿಗೆ ಕೊಟ್ಟೇನಿ."

"ಬರ್ತ್‌ಡೇ ಯಾರರೆ ಕೊಡ್ತಾರನಲೇ?" ಎಂದ ಅನಿಕೇತ.

"ನನ್ನ ಹತ್ರ ಎರಡ ಇದ್ವು. ಆಕಿ ಹತ್ರ ಒಂದೂ ಇದ್ದಿದ್ದಿಲ್ಲ."

ಅನಿಕೇತ ಮೆಲ್ಲಗೆ ಅವಳತ್ತ ಬಾಗಿ, "ಹದಿನಾರಕ್ಕ ಒಬ್ಬಾಂವ ಹಿಂದಿ ಹೀರೋ ಹುಟ್ಯಾನಲೇ, ನಾ ನೋಡೀನಿ," ಎಂದ.

ರಾಯಣ್ಣನ ವೇಷ ಬೀರೇಶನಿಗೆ ಹೋಯಿತು. ಅವನು ಮೊದಲ ಸಲ ರುಮಾಲು ಸುತ್ತಿಕೊಂಡಾಗ ಸಮೃದ್ಧಿ ಹೊರಗೆ ಹೋಗಿ ನೀರು ಕುಡಿದು ಬಂದಳು.

ಹದಿನೈದರ ಬೆಳಿಗ್ಗೆ ಆಯಿ ಪಪ್ಪಾನ ಮೊದಲ ಬಸ್ಸಿಗೇ ಬಂದರು. ಹಸಿರು ಇಳಕಲ್ ಸೀರೆ, ಹೋಳಿಗೆಯ ಡಬ್ಬಿ. "ಆಯಿ, ಇವತ್ತಿನ ದಿನಾ ನಿಂದ ಆತು," ಎಂದು ಸಮೃದ್ಧಿ ಅವರ ಸೆರಗಿಗೆ ಪುಟ್ಟ ಝೆಂಡಾ ಚುಚ್ಚಿದಳು. "ಹುಚ್ಚಿ, ಚ್ಯಾಷ್ಟಿ ಮಾಡಿದ್ನೆವಾ," ಎಂದು ಆಯಿ ಅವಳ ಬೆನ್ನಿಗೊಂದು ಗುದ್ದಿದರು. ಆದರೆ ಝೆಂಡಾ ಸೊಟ್ಟಾಗದಂತೆ ದಾರಿಯುದ್ದಕ್ಕೂ ಸೆರಗು ಹಿಡಿದುಕೊಂಡೇ ನಡೆದರು.

ಶಾಲೆಯ ಮೈದಾನ ತುಂಬಿತ್ತು. ಝೆಂಡಾ ಏರಿತು. ಬೀರೇಶ ಕಂಬಳಿ ಹೊದ್ದು ಗುಡುಗಿದ. ಮರದ ಮೇಲಿನ ಕಾಗೆಗಳೆಲ್ಲ ಹಾರಿಹೋದವು. ಚಪ್ಪಾಳೆ ನಿಂತ ಮೇಲೆ ಕಾಂತಾ ಟೀಚರ್ ಮೈಕು ಹಿಡಿದು, "ಇವತ್ತು ಯಾರ್ಯಾರ ಹುಟ್ಟಿದ ದಿನಾ ಐತಿ?" ಎಂದು ಕೇಳಿದರು.

"ರಾಯಣ್ಣಂದು!" ಎಂದು ಮಕ್ಕಳೆಲ್ಲ ಒಟ್ಟಿಗೆ ಕೂಗಿದರು.

ಸಮೃದ್ಧಿ ಸಾಲಿನಲ್ಲಿ ನಿಂತಲ್ಲಿಂದಲೇ ಹಿಂದೆ ತಿರುಗಿ ನೋಡಿದಳು. ಪಾಲಕರ ಕುರ್ಚಿಗಳ ನಡುವೆ ಆಯಿ ಆ ಕಡೆ, ಈ ಕಡೆ ನೋಡಿದರು. ಆಮೇಲೆ ಯಾರಿಗೂ ಕಾಣಬಾರದು ಎಂಬಂತೆ, ಎದೆಯ ಮಟ್ಟಕ್ಕೆ ಮಾತ್ರ, ಒಂದು ಕೈ ಎತ್ತಿದರು. ಬಳೆ ಜಾರಿ ಮೊಣಕೈಗೆ ಬಂತು. ಮುಖ ಕೆಂಪಗಾಗಿತ್ತು.

ಅದನ್ನೇ ನೋಡುತ್ತ ನಿಂತ ಸಮೃದ್ಧಿ, ಪ್ರತಿ ವರ್ಷ ಈ ದಿನ ಕೇಕ್ ಕತ್ತರಿಸುತ್ತಿದ್ದ ತನ್ನ ಕೈಯನ್ನು ಎತ್ತುವುದನ್ನೇ ಮರೆತಿದ್ದಳು.