ಕಣಕಾಲಿನೊಳಗಿನ ಮೋಡ

"ಮೆಟ್ಟಿಲು ಒಣಗಿತ್ತಮ್ಮ. ಬರಿಗಾಲಲ್ಲಿ ತುಳಿದು ನೋಡಿದ್ದೆ," ಎಂದು ಕೆಲಸದಾಕೆ ದೊಡ್ಡಮ್ಮನ ಮುಂದೆ ಕಣ್ಣೊರೆಸಿಕೊಂಡಳು. "ಚಿಕ್ಕಮ್ಮೋರು ನಾಳೆಯಿಂದ ಬರಬೇಡ ಅಂದುಬಿಟ್ರು. ನೀವೇ ಏನಾದ್ರೂ ಮಾಡಿ."

ದೊಡ್ಡಮ್ಮ ಮೂಳೆ ಡಾಕ್ಟರಾಗಿದ್ದು ನಿವೃತ್ತರಾದವರು. ಕಳೆದುಹೋದ ಚಮಚದಿಂದ ಹಿಡಿದು ಮನೆಯ ಯಾವ ರಹಸ್ಯವಾದರೂ ಅವರ ಬಳಿಗೇ ಬರುತ್ತಿತ್ತು. ಪುಟ್ಟಿ ಅವರ ಬಲಗೈ. ಪತ್ತೇದಾರಿಕೆಯೆಂದರೆ ಊಟವನ್ನೂ ಮರೆಯುವವಳು.

ಹಿಂದಿನ ಸಂಜೆ ತಾರಸಿಯ ಮೆಟ್ಟಿಲಲ್ಲಿ ಜಾರಿಬಿದ್ದೆ ಎಂದಿದ್ದರು ಚಿಕ್ಕಪ್ಪ; ಅವರ ಕಣಕಾಲಿನ ಮೂಳೆ ಬಿರುಕು ಬಿಟ್ಟಿತ್ತು. ಕೆಲಸದಾಕೆ ಒರೆಸಿ ಒದ್ದೆ ಬಿಟ್ಟ ಮೆಟ್ಟಿಲೇ ಕಾರಣವೆಂದು ಚಿಕ್ಕಮ್ಮ ತೀರ್ಪು ಕೊಟ್ಟಾಗಿತ್ತು.

ದೊಡ್ಡಮ್ಮ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದರು. "ಪುಟ್ಟಿ, ಬಿರುಕಿನ ಸುತ್ತ ಏನು ಕಾಣುತ್ತೆ?"

"ಬೆಳ್ಳಗೆ, ಮೋಡದ ಹಾಗೆ."

"ನಿನ್ನ ಚಿಕ್ಕಪ್ಪನ ಮೈಕೈ ಎಲ್ಲಾದ್ರೂ ತರಚಿದೆಯಾ?"

"ಒಂದು ಗೀರೂ ಇಲ್ಲ. ಹೂವಿನ ಮೇಲೆ ಬಿದ್ದ ಹಾಗಿದ್ದಾರೆ."

ಬಟ್ಟೆ ಒಣಹಾಕುವ ಹಗ್ಗ ಕಾಣೆಯಾಗಿ, ಎಷ್ಟೋ ದಿನದಿಂದ ಚಾದರಗಳು ಕುರ್ಚಿಗಳ ಮೇಲೆ ಒಣಗುತ್ತಿದ್ದವು. ತಾರಸಿಯ ಕೆಳಗೇ ಇದ್ದ ದೊಡ್ಡಮ್ಮನ ಕೋಣೆಯಲ್ಲಿ ದಿನಾ ಮುಂಜಾನೆ ಸೂರಿನಿಂದ ಸುಣ್ಣ ಉದುರುತ್ತಿತ್ತು. ಇಂದು ಮಾತ್ರ ಉದುರಿರಲಿಲ್ಲ.

ಸಂಜೆ ಕೆಲಸದಾಕೆಯೂ ಸೇರಿದಂತೆ ಎಲ್ಲರೂ ಚಿಕ್ಕಪ್ಪನ ಮಂಚದ ಸುತ್ತ ನೆರೆದರು.

"ಮೂಳೆ ಕಲ್ಲಲ್ಲ, ಜೀವ ಇರೋದು," ಎಂದರು ದೊಡ್ಡಮ್ಮ. "ಜೋರಾಗಿ ನೆಗೆದಾಗ ಒಳಗೊಳಗೇ ಚೂರು ಸವೆಯುತ್ತೆ. ಬಿಡುವು ಕೊಟ್ರೆ ಮೊದಲಿಗಿಂತ ಗಟ್ಟಿಯಾಗಿ ಕಟ್ಟಿಕೊಳ್ಳುತ್ತೆ. ಬಿಡುವಿಲ್ಲದೆ ಕುಟ್ಟಿದ್ರೆ ಬಿರುಕು ಬಿಡುತ್ತೆ. ಈ ಮೋಡ ಆ ಬಿರುಕು ಮುಚ್ಚೋಕೆ ಬೆಳೆದ ಹೊಸ ಮೂಳೆ. ಅದಕ್ಕೆ ವಾರಗಳೇ ಬೇಕು. ನಿನ್ನೆ ಬಿದ್ದವನಿಗೆ ಇವತ್ತು ಎಲ್ಲಿಂದ ಬಂತು? ನನ್ನ ತಲೆ ಮೇಲೆ ಸುಣ್ಣ ಉದುರಿಸ್ತಾ ಇದ್ದದ್ದು ಯಾರು? ಪುಟ್ಟಿ, ಹಾಸಿಗೆ ಎತ್ತಿ ನೋಡು. ಏಳಿ ಅನ್ನೋಕಾಗದ ರೋಗಿಯ ಕೆಳಗಿಂತ ಭದ್ರವಾದ ಜಾಗ ಬೇರೆ ಇಲ್ಲ."

ಪುಟ್ಟಿ ಹಾಸಿಗೆಯ ತುದಿ ಎತ್ತಿದಳು. ಹಗ್ಗ ಸುರುಳಿ ಸುತ್ತಿ ಮಲಗಿತ್ತು.

ಚಿಕ್ಕಪ್ಪ ಗೋಡೆಗೆ ಮುಖ ತಿರುಗಿಸಿದರು. "ಆಫೀಸಿನ ಓಟಕ್ಕೆ ಹೆಸರು ಕೊಟ್ಟಿದ್ದೆ ಅತ್ತಿಗೆ. ನನ್ನ ಹೆಂಡ್ತೀನೇ ನನ್ನ ಹೊಟ್ಟೆ ನೋಡಿ ನಕ್ಕಳು. ಅದಕ್ಕೇ ಕದ್ದು ಹಗ್ಗ ಹಾರಿದೆ. ನಿನ್ನೆ ಸಂಜೆ ಮೆಟ್ಟಿಲು ಹತ್ತುವಾಗ ನೋವು ತಡೀಲಾರದೆ ಅಲ್ಲೇ ಕೂತುಬಿಟ್ಟೆ. ಎಲ್ಲರೂ ಓಡಿ ಬಂದಾಗ ಜಾರಿದೆ ಅಂತ ಬಾಯಿಗೆ ಬಂತು."

"ನಿಮ್ಮ ಬಾಯಿಗೆ ಬಂದದ್ದಕ್ಕೆ ಇವಳ ಹೊಟ್ಟೆ ಮೇಲೆ ಹೊಡೆದೆ," ಎಂದು ಚಿಕ್ಕಮ್ಮ ಕೆಲಸದಾಕೆಯ ಕೈ ಹಿಡಿದರು. "ತಪ್ಪಾಯ್ತಮ್ಮ. ನಾಳೆ ಬಾ."

"ಬರ್ತೀನಿ. ಆದ್ರೆ ಕಾಲು ಸರಿಹೋದ ಮೇಲೆ ಒಂದು ತಿಂಗಳು ಆ ಮೆಟ್ಟಿಲು ಯಜಮಾನ್ರೇ ಒರೆಸಲಿ," ಎಂದಳು ಕೆಲಸದಾಕೆ.

"ಡಾಕ್ಟರು ನೀವು. ಆಗಲ್ಲ ಅನ್ನಿ ಅತ್ತಿಗೆ," ಎಂದು ಚಿಕ್ಕಪ್ಪ ಗೋಗರೆದರು.

"ಮೂಳೆಗೆ ಬಿಡುವು ಬೇಕು, ನಿಜ," ಎಂದರು ದೊಡ್ಡಮ್ಮ, ಹಗ್ಗವನ್ನು ಸುತ್ತುತ್ತ. "ದಿನ ಬಿಟ್ಟು ದಿನ ಒರೆಸು."