ಮುದುಕಪ್ಪನ ಗಿರಣಿಯ ಕೈಂಚಿ

ಮಾನ್ವಿಯಿಂದ ಮೊದಲ ಬಸ್ಸಿಗೆ ವೀರಭದ್ರಮ್ಮನ ಮನೆಗೆ ಬಂದ ಹೆಂಗಸು ಎಷ್ಟು ಹೇಳಿದರೂ ಕೂರಲಿಲ್ಲ. ಬಾಗಿಲ ಚೌಕಟ್ಟಿಗೆ ಆತು ನಿಂತು, ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ನೆಲ ನೋಡುತ್ತಲೇ ಮಾತಾಡಿದಳು.

“ನಾನು ನೂರ್ ಬೀ ಅಂತರೀ. ನನ್ನ ಗಂಡ ಮಲಂಗಸಾಬ ವೆಲ್ಡಿಂಗ್ ಮಾಡ್ತಾನ. ಮುದುಕಪ್ಪ ಸಾವ್ಕಾರ್ರ ಅಕ್ಕಿ ಗಿರಣಿಗೆ ಕೈಂಚಿ ಕೂಡ್ಸಿದ್ದ. ಹೋದ ವಾರ ಒಂದು ಕೈಂಚಿ ಬಿತ್ತು. ಕೆಳಗ ಭತ್ತ ಹರವಾಕತ್ತಿದ್ದ ಮಾರೆಮ್ಮನ ಕಾಲು ಜಜ್ಜಿ ಹೋತು. ಪೊಲೀಸ್ರು ಇವನ್ನ ಒಯ್ದಾರ. ನಳಕ್ಕ ಹೋದ್ರ ಮಂದಿ ಕೊಡ ಎತ್ಕೊಂಡು ದೂರ ಸರೀತಾರ, ಅದನ್ನೂ ತಡೀತೀನಿ ಅಕ್ಕಾರ. ಆದ್ರ ನಮ್ಮ ಮಾವ ಅಮೀರ್ ಸಾಬ್ರು ಮಸೀದಿ ಮುಂದ ನಿಂತು, ಅವನು ನನ್ನ ಮಗ ಅಂತ ಯಾರೂ ಅನಬ್ಯಾಡ್ರಿ ಅಂದುಬಿಟ್ರು.”

ಕೈಂಚಿ ಎಂದರೆ ಆ ಕಡೆಯ ಮಾತಿನಲ್ಲಿ ತಗಡಿನ ಚಾವಣಿಯನ್ನು ಹೊರುವ ಟ್ರಸ್. ಕಬ್ಬಿಣದ ಸಲಾಕೆಗಳನ್ನು ತ್ರಿಕೋನಗಳಾಗಿ ಜೋಡಿಸಿದ ಚೌಕಟ್ಟು. ವೀರಭದ್ರಮ್ಮ ರಾಯಚೂರಿನ ಕಾಲೇಜೊಂದರಲ್ಲಿ ಕಲಿಸುತ್ತಿದ್ದುದೇ ಅದನ್ನು. ಸುತ್ತಲ ಮೂರು ತಾಲೂಕಿನಲ್ಲಿ ಏನೇ ಕುಸಿದರೂ ಜನ ಅವಳ ಬಾಗಿಲಿಗೆ ಬರುತ್ತಿದ್ದರು. ಹೆಂಡತಿಯ ಚೀಲ ಹೊರಲು, ಕ್ಯಾಲ್ಕುಲೇಟರಿನಲ್ಲಿ ಲೆಕ್ಕ ಒತ್ತಲು, ಆಮೇಲೆ ಊರಿಗೆಲ್ಲ ಕತೆ ಹೇಳಲು ಗಂಡ ವಿರೂಪಣ್ಣ ಇದ್ದೇ ಇದ್ದ. ಕಂದಾಯ ಇಲಾಖೆಯಿಂದ ನಿವೃತ್ತನಾದ ಮೇಲೆ ಅವನಿಗೆ ಇದಕ್ಕಿಂತ ರುಚಿಯ ಕೆಲಸ ಸಿಕ್ಕಿರಲಿಲ್ಲ.

“ನಿನ್ನ ಗಂಡ ಏನಂತಾನವಾ?” ವೀರಭದ್ರಮ್ಮ ಕೇಳಿದಳು.

“ತಪ್ಪು ನಂದೇ ಅಂತಾನ್ರಿ. ಅದ್ರ ಮ್ಯಾಲ ಬಾಯಿ ಬಿಡವಲ್ಲ.”

ಮೂವರೂ ಮುಂದಿನ ಬಸ್ಸಿಗೆ ಮಾನ್ವಿಗೆ ಹೊರಟರು. ೧೯೮೩ರ ಬೇಸಿಗೆ. ಬಸ್ಸಿನ ಕಿಟಕಿಯ ಕಂಬಿ ಮುಟ್ಟಿದರೆ ಕೈ ಸುಡುತ್ತಿತ್ತು.

ಗಿರಣಿಯಲ್ಲಿ ಭತ್ತ ಕುದಿಸುವ ಬಾಯ್ಲರಿನ ನೆತ್ತಿಯ ಮೇಲಿದ್ದ ಕೈಂಚಿಯೇ ಬಿದ್ದಿತ್ತು. ಪಡುವಣ ತುದಿ ಇನ್ನೂ ಗೋಡೆಗೆ ಕಚ್ಚಿಕೊಂಡಿತ್ತು. ಮೂಡಣ ತುದಿ ಮಾತ್ರ ಗೋಡೆಯ ಕಲ್ಲನ್ನೂ ಕಿತ್ತುಕೊಂಡು ನೆಲಕ್ಕೆ ಬಂದಿತ್ತು. ವಿಭೂತಿಯ ಮೇಲೆ ಬೆವರಿಳಿಸುತ್ತ ಮುದುಕಪ್ಪ ಎದುರು ಬಂದ. ಹಿಂದಿನಿಂದ ಗಿರಣಿಯ ಫಿಟ್ಟರ್ ಸಾಬಣ್ಣ.

“ಮೇಡಂರ, ಇದರಾಗ ನೋಡೂದೇನದ?” ಎಂದ ಸಾಬಣ್ಣ. “ಸಂಕ್ರಾಂತಿ ಪೂಜಾದ ದಿನಾನ ನಾನು ಮ್ಯಾಲ ಹತ್ತಿ ನೋಡೀನಿ. ಈ ಕಡಿ ಬೋಲ್ಟು ಬೆರಳಿಗೆ ತಿರುಗ್ತಿದ್ವು. ಎಲ್ಲಾರ ಮುಂದನ ಹೇಳಿ ನಕ್ಕಿದ್ದೆ. ಠಾಣೆ ಫೌಜದಾರ್ರಿಗೂ ಅದನ್ನ ಬರೆಸೀನಿ.”

ವಿರೂಪಣ್ಣನಿಗೆ ಅಲ್ಲಿಗೇ ಮೊಕದ್ದಮೆ ಮುಗಿದಂತೆ ಕಂಡಿತು. ಆದರೆ ಹೆಂಡತಿ ಮೊಣಕಾಲೂರಿ ಕೂತು, ಬಿದ್ದ ತುದಿಯ ಕಬ್ಬಿಣದ ತಟ್ಟೆಯನ್ನು ಒರೆಸುತ್ತಿದ್ದಳು. ಅದರ ತೂತುಗಳು ದುಂಡಗಿರದೆ ಉದ್ದುದ್ದ ಇದ್ದವು. ಅವುಗಳಲ್ಲಿ ದುಂಡು ತಲೆಯ ಮೊಳೆಗಳು ನೀಟಾಗಿ ಕೂತಿದ್ದವು, ಮೇಲೆ ಕೆಂಪು ಬಣ್ಣ ಬಳಿದಿತ್ತು. ಆಚೆ ತುದಿಯಲ್ಲಿ ಆರು ಮೂಲೆಯ ನಟ್ಟುಗಳಿದ್ದವು. ಅಲ್ಲಿಯದಕ್ಕಿಂತ ಇಲ್ಲಿಯ ಬಣ್ಣ ಸ್ವಲ್ಪ ಹೊಸದು.

“ಸಾವ್ಕಾರ್ರ, ಇದಕ್ಕ ಏನರ ತೂಗು ಹಾಕಿದ್ರೇನು?”

ಮುದುಕಪ್ಪ ತಡವರಿಸಿದ. “ಚೀಲ ಎತ್ತೂ ರಾಟಿ ಕಟ್ಟಿಸಿದ್ದೆರೀ. ಮಲಂಗಸಾಬನ್ನ ಕೇಳಿರಲಿಲ್ಲ.”

“ಗಿರಣಿ ಯಾವಾಗರ ಬಂದ್ ಇತ್ತೇನು?”

“ಶಿವರಾತ್ರಿಗೆ. ನಾವೆಲ್ಲ ಗುಡಿಗೆ ಹೋಗಿದ್ವಿ. ಕಾವಲುಗಾರ ಒಬ್ಬನ ಇದ್ದ.”

“ಮರುದಿನ ಬಂದಾಗ ಇಲ್ಲೆಲ್ಲ ಇದ್ದಿಲ ಬೂದಿ ಬಿದ್ದಿತ್ತು,” ಎಂದು ಸಾಬಣ್ಣ ಸೇರಿಸಿದ. “ರೊಟ್ಟಿ ಸುಟ್ಕೊಂಡಿರಬೇಕು ಮಗಾ ಅಂತ ನಾನಾ ಕಸ ಹೊಡೆದೆ.”

ಶಿವರಾತ್ರಿಗೆ ಮಲಂಗಸಾಬ ಎಲ್ಲಿದ್ದ ಎಂದು ಕೇಳಿದರೆ, ಆ ತಿಂಗಳೆಲ್ಲ ದೇವದುರ್ಗದಲ್ಲಿ ಹತ್ತಿ ಗೋದಾಮಿನ ಕೆಲಸದಲ್ಲಿದ್ದ ಎಂದು ಮುದುಕಪ್ಪನೇ ಹೇಳಿದ.

ಠಾಣೆಯಲ್ಲಿ ಮಲಂಗಸಾಬ ಗೋಡೆಗೆ ಮುಖ ಮಾಡಿ ಕೂತಿದ್ದ. ಬೋಲ್ಟಿನ ವಿಚಾರ ಕೇಳಿದರೆ, “ತಪ್ಪು ನಂದ ಅಂತ ಬರ್ಕೊಳ್ರಿ” ಎಂದಷ್ಟೇ ಹೇಳಿದ. ಅವರು ಎದ್ದಾಗ ಮಾತ್ರ ತಿರುಗಿದ. “ಮೇಡಂರ, ನಮ್ಮ ಅಬ್ಬಾ ಊಟ ಮಾಡಾಕತ್ತಾರೇನು?”

ತನ್ನನ್ನು ಮಗನೇ ಅಲ್ಲ ಎಂದ ಅಪ್ಪನ ಊಟದ ಚಿಂತೆ ಇವನಿಗೆ! ಆ ಅಪ್ಪನನ್ನು ಕಂಡು ಎರಡು ಮಾತು ಆಡಿಯೇ ಬರಬೇಕೆಂದು ವಿರೂಪಣ್ಣನೇ ಮುಂದಾಗಿ ಹೆಂಡತಿಯನ್ನು ಅಮೀರ್ ಸಾಬರ ಮನೆಗೆ ಕರೆದೊಯ್ದ. ಆದರೆ ಮುದುಕನನ್ನು ನೋಡಿದ ಮೇಲೆ ಬೈಯಲು ಬಾಯಿ ಬರಲಿಲ್ಲ. ಒಳಗಿನಿಂದ ಚಹಾ ಬಂತು. ಮುದುಕ ಕುಡಿಯಲಿಲ್ಲ.

“ನಿಜಾಮರ ಕಾಲದಾಗ ರೈಲ್ವೆ ಬ್ರಿಜ್ಜಿಗೆ ದುಡಿದ ಕೈ ಇವು. ಬಡಿದ ಮೊಳಿ ಒಂದರ ಅಲುಗಿದ್ದಿಲ್ಲ. ಈಗಿನ ಹುಡುಗರು ವೆಲ್ಡಿಂಗ್ ಹಚ್ತಾರ, ಬೋಲ್ಟು ಸಡಿಲ ಬಿಡ್ತಾರ. ಬಜಾರಕ್ಕ ಮುಖ ತೋರಿಸಲಾರ್ದಂಗ ಆಗ್ಯದ್ರಿ,” ಎಂದು ಹೆಗಲ ಮೇಲಿನ ವಲ್ಲಿಯಿಂದ ಕಣ್ಣೊರೆಸಿಕೊಂಡ.

ರಾಯಚೂರಿಗೆ ಮರಳಿ ಗಂಡ ಹೆಂಡತಿ ಲೆಕ್ಕಕ್ಕೆ ಕೂತರು. ಕಾಲೇಜಿನವರು ಅದನ್ನು ಸ್ಟಿಫ್‌ನೆಸ್ ವಿಧಾನ ಅನ್ನುತ್ತಾರೆ. ವಿರೂಪಣ್ಣನಿಗೆ ತಿಳಿದಷ್ಟು ಹೀಗೆ: ಕೈಂಚಿಯ ಒಂದೊಂದು ಸಲಾಕೆಯೂ ಒಂದು ಬಿರುಸಾದ ಸ್ಪ್ರಿಂಗು. ಎಲ್ಲ ಸಲಾಕೆಗಳ ಬಿರುಸನ್ನು ಗಂಟು ಗಂಟಿಗೆ ಕೂಡಿಸಿ ದೊಡ್ಡ ಕೋಷ್ಟಕ ಮಾಡಬೇಕು. ಯಾವ ಗಂಟು ಯಾವ ದಿಕ್ಕಿಗೆ ಅಲುಗದೋ ಅದರ ಸಾಲನ್ನು ಹೊಡೆದುಹಾಕಬೇಕು. ಉಳಿದದ್ದನ್ನು ಬಿಡಿಸಿದರೆ ಯಾವ ಗಂಟು ಎಷ್ಟು ಸರಿಯುತ್ತದೆ, ಯಾವ ಸಲಾಕೆಗೆ ಎಷ್ಟು ಬಲ ಬೀಳುತ್ತದೆ ಎಂದು ಗೊತ್ತಾಗುತ್ತದೆ. ಬಿಡಿಸುವಷ್ಟರಲ್ಲಿ ಒತ್ತುವವನ ಬೆರಳು ಜುಮುಗುಟ್ಟುತ್ತದೆ.

ಮೊದಲು ರಾಟೆಯ ಭಾರ ಹಾಕಿದರು. ಕೈಂಚಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ಆಮೇಲೆ ಬಾಯ್ಲರಿನ ಕಾವು ಹಾಕಿದರು. ಮೂಡಣ ತುದಿ ಭತ್ತದ ಕಾಳಿನಷ್ಟು ಸರಿಯಿತು, ಸಲಾಕೆಗಳಿಗೆ ಏನೂ ಆಗಲಿಲ್ಲ.

“ಈಗ ಆ ತುದಿ ಅಲುಗೂದಿಲ್ಲ ಅಂತ ಹಿಡೀರಿ. ಅದರ ಸಾಲೂ ಹೊಡೆದುಹಾಕ್ರಿ,” ಎಂದಳು ವೀರಭದ್ರಮ್ಮ.

ಬಂದ ಉತ್ತರ ನೋಡಿ ವಿರೂಪಣ್ಣ ತಪ್ಪು ಗುಂಡಿ ಒತ್ತಿದೆನೆಂದು ಇನ್ನೊಮ್ಮೆ ಮಾಡಿದ. ಮತ್ತೆ ಅದೇ ಬಂತು. ಕೈಂಚಿ ಗೋಡೆಯನ್ನು ಟನ್ನುಗಟ್ಟಲೆ ಬಲದಿಂದ ನೂಕುತ್ತಿತ್ತು. ಗೆದ್ದ ಖುಷಿಗೆ ಅವನು ಚಹಾ ಕೇಳಿದ. ಅವಳ ಮುಖದಲ್ಲಿ ಗೆದ್ದ ಕಳೆಯೇ ಇರಲಿಲ್ಲ.

“ಇದನ್ನ ಹೇಳದಿದ್ರ ಒಬ್ಬನಿಗೆ ಅನ್ಯಾಯ. ಹೇಳಿದ್ರ ಇನ್ನೊಬ್ಬರ ಮಾನ ನಾನಾ ಕಳದಂಗ. ನಾಚಿಕಿ ಆಗ್ತದ್ರಿ ನನಗ,” ಎಂದಳು.

ಮರುದಿನ ಗಿರಣಿಯ ಅಂಗಳದಲ್ಲಿ ಎಲ್ಲರೂ ಸೇರಿದರು. ಫೌಜದಾರರು ಮಲಂಗಸಾಬನನ್ನು ಕರೆತಂದಿದ್ದರು. ಅಮೀರ್ ಸಾಬ್ ಮಗನಿಗೆ ಬೆನ್ನು ಕೊಟ್ಟು ಕೂತಿದ್ದ. ಕಾಲಿಗೆ ಪ್ಲಾಸ್ಟರ್ ಹಾಕಿದ್ದ ಮಾರೆಮ್ಮನನ್ನು ಮಂಚದ ಸಮೇತ ಹೊತ್ತು ತಂದಿದ್ದರು.

ವೀರಭದ್ರಮ್ಮ ಮೆಲ್ಲಗೆ ಶುರು ಮಾಡಿದಳು. “ರಾಟಿಯಿಂದ ಬಿದ್ದಿಲ್ಲ, ಲೆಕ್ಕ ಮಾಡೀನಿ. ಸಾವ್ಕಾರ್ರ, ನಿಮ್ಮದೇನೂ ತಪ್ಪಿಲ್ಲ. ಸಡಿಲ ಬೋಲ್ಟಿನಿಂದಾನೂ ಬಿದ್ದಿಲ್ಲ. ಕಬ್ಬಿಣ ಕಾದ್ರ ಉದ್ದ ಆಗ್ತದ. ಅದಕ್ಕ ಜಾಗ ಬೇಕಂತ ಒಂದು ತುದಿ ಬಿಗಿದು, ಇನ್ನೊಂದು ತುದಿಗೆ ಉದ್ದ ತೂತು ಕೊರೆದು ಬೋಲ್ಟು ಸಡಿಲ ಬಿಡ್ತಾರ. ಸಾಬಣ್ಣ ನಕ್ಕನಲ್ಲ, ಅದು ಸರಿಯಾದ ಕೆಲಸ ನೋಡಿ ನಕ್ಕಿದ್ದು.”

ಸಾಬಣ್ಣ ತಲೆ ತಗ್ಗಿಸಿದ.

“ಆದ್ರ ಬಿದ್ದ ತುದಿಯೊಳಗ ಬೋಲ್ಟ ಇಲ್ಲ. ಕೆಂಡದಾಗ ಕಾಸಿ ಬಡಿಯೂ ದುಂಡು ತಲಿ ರಿವೆಟ್ಟು ಅದಾವ. ತಣ್ಣಗಾದಂಗ ಅವು ತಟ್ಟಿಯನ್ನ ಬಿಗಿ ಹಿಡೀತಾವ. ಶಿವರಾತ್ರಿ ಮರುದಿನದ ಇದ್ದಿಲು ಅದರದು. ಅಲ್ಲಿಂದ ಈ ಕೈಂಚಿ ದಿನಾ ಬಾಯ್ಲರ್ ಕಾವಿಗೆ ಗೋಡಿ ನೂಕ್ತು, ಆರಿದ ಮ್ಯಾಲ ಎಳೀತು. ಕಲ್ಲು ಸಡಿಲಾಗಿ ಬಿತ್ತು. ಮಲಂಗಸಾಬ ಆಗ ದೇವದುರ್ಗದಾಗಿದ್ದ. ಮಾಡಿದವರು ಹಾಳು ಮಾಡಾಕ ಮಾಡಿಲ್ಲ. ಹಾಳು ಮಾಡಾವ ಆಮ್ಯಾಲ ಬಣ್ಣ ಬಳಿಯೂದಿಲ್ಲ. ಈ ಕೆಲಸ ಚಂದ ಕಾಣಬೇಕು ಅನ್ನೂ ಜೀವ ಅದು. ಇಷ್ಟು ನೀಟಾಗಿ ರಿವೆಟ್ಟು ಬಡಿಯೂ ಕೈ ಈಗ ಮಾನ್ವಿಯೊಳಗ ಒಂದ ಅದ.”

ಅವಳು ಯಾರನ್ನೂ ನೋಡಲಿಲ್ಲ. ಉಳಿದವರೆಲ್ಲ ನೋಡಿದರು. ವಿರೂಪಣ್ಣನೂ ನೋಡಿದ, ನೋಡಿದ್ದಕ್ಕೆ ಅವನಿಗೇ ನಾಚಿಕೆಯಾಯಿತು.

“ಸುಳ್ಳು!” ಮಲಂಗಸಾಬ ಕೂಗಿದ. “ನಾನಾ ಬಡಿದೀನ್ರಿ. ದೇವದುರ್ಗದಿಂದ ಬಂದು ಬಡಿದು ಹೋಗೀನಿ. ಬರ್ಕೊಳ್ರಿ ಸಾಹೇಬ್ರ!”

“ನಿನಗ ರಿವೆಟ್ಟು ಹಿಡಿಯಾಕರ ಬರ್ತದೇನಲೇ?” ಅಮೀರ್ ಸಾಬ್ ಎದ್ದು ನಿಂತ. “ನಾನಾ ಬಡಿದೆ ಸಾಹೇಬ್ರ. ಕಾವಲುಗಾರನ ಕಡಿಂದ ಕೆಳಗಿಂದ ಒತ್ತಿ ಹಿಡಿಸಿ, ಬಾಯಿ ಬಿಡಬ್ಯಾಡ ಅಂದಿದ್ದೆ. ಪೂಜಾದ ದಿನ ಸಾಬಣ್ಣ ನಕ್ಕಾಗ ಸತ್ತಂಗಾಗಿತ್ತು. ಅಮೀರ್ ಸಾಬನ ಮಗನ ಕೆಲಸ ಹಿಂಗ ಅಂತ ಊರು ಆಡ್ಕೋಬಾರ್ದು ಅಂತ ಸಡಿಲ ಬೋಲ್ಟು ತೆಗೆದು ಬಿಗಿ ಮಾಡಿದೆ. ಬಿದ್ದ ಮ್ಯಾಲೂ, ನನ್ನ ರಿವೆಟ್ಟೂ ಉಳಿಸಲಾರದಷ್ಟು ಹೊಲಸು ಕೆಲಸ ಮಾಡ್ಯಾನ ಅಂತ ಇವನ್ನ ಬೈದೆ.” ಮಗನ ಕಡೆ ತಿರುಗಿದ. “ನಿನಗ ಗೊತ್ತಿತ್ತೇನು?”

“ಬಿದ್ದ ದಿನ ಓಡಿ ಬಂದು ನೋಡಿದೆ. ರಿವೆಟ್ಟಿನ ತಲಿ ನೋಡಿದ ಕೂಡ್ಲೇ ನಿಮ್ಮ ಕೈ ಅಂತ ಗೊತ್ತಾತು ಅಬ್ಬಾ.”

“ಸುಮ್ಮಕ ಯಾಕಿದ್ದಿ?”

“ನಿಮ್ಮ ಕೈಯಿಂದ ಬಿತ್ತು ಅಂತ ನಿಮಗ ಹೆಂಗ ಹೇಳ್ಲಿ?”

ಮಂಚದ ಮೇಲಿಂದ ಮಾರೆಮ್ಮ ಹೇಳಿದಳು, “ನಿಮ್ಮಿಬ್ಬರ ಮರ್ಯಾದಿ ನಡುವ ನನ್ನ ಕಾಲು ಸಿಕ್ಕಂಡಿತಲ್ಲೋ ಯಪ್ಪಾ.”

ದೂರು ಕೊಟ್ಟಿದ್ದ ಮುದುಕಪ್ಪ ತನ್ನ ಚಪ್ಪಲಿಯನ್ನೇ ನೋಡುತ್ತ ನಿಂತ. ಫೌಜದಾರರು ಮಲಂಗಸಾಬನನ್ನು ಬಿಡಿಸಿ, ಅಮೀರ್ ಸಾಬನ ಹತ್ತಿರ ಬಂದು, ಠಾಣೆಗೆ ಹೇಗೆ ಕರೆಯಬೇಕೋ ತಿಳಿಯದೆ ಟೋಪಿ ಸರಿ ಮಾಡಿಕೊಂಡರು.

ಅಮೀರ್ ಸಾಬ್ ತಾನಾಗಿಯೇ ಗೇಟಿನ ಕಡೆ ಎರಡು ಹೆಜ್ಜೆ ಇಟ್ಟು, ನಿಂತ. ತಿರುಗಿ ಬಂದು ಬಿದ್ದ ಕೈಂಚಿಯ ಪಕ್ಕದಲ್ಲಿ ಮಗನ ಮುಂದೆ ಕುಕ್ಕರಗಾಲಲ್ಲಿ ಕೂತ.

“ಸಡಿಲ ಯಾಕ ಇರಬೇಕು, ನನಗ ತಿಳಿಸು.”

“ಅಬ್ಬಾ, ಮೇಡಂ ಹೇಳಿದ್ರಲ್ಲ...”

“ನೀ ಹೇಳು. ಮೆಲ್ಲಗ ಹೇಳು. ನನಗ ಗೊತ್ತಿಲ್ಲ.”