ಶಾವಿಗೆ ಪೆಟ್ಟಿಗೆಯ ಒಪ್ಪಿಗೆ

ಜುಲೈ ಒಂಬತ್ತರ ಬೆಳಿಗ್ಗೆ ಮಿನೆಹಾಮ ಬಂದರಿನ ಠಾಣೆಗೆ ಕಾಜಿಹಾರ ಫುಮಿಯೆ ದೂರು ತಂದರು. ಇನ್‌ಸ್ಪೆಕ್ಟರ್ ನಾಗಾತೊಮೊಗೆ ಆಗ ಎಷ್ಟು ಸುಸ್ತಾಗಿತ್ತೆಂದರೆ, ಅವನೊಮ್ಮೆ ಆಕಳಿಸಿದರೆ ಬಂದರಿನ ದೋಣಿಗಳೆಲ್ಲ ಎರಡು ಮಾರು ದಡದತ್ತ ಸರಿಯುತ್ತಿದ್ದವು. ಫುಮಿಯೆ ಊರಿನ ಪತ್ರಿಕೆಯ ಅಂಕಣಕಾರ್ತಿ. ಅವರು ಒಂದು ಮೀನನ್ನು ಹೊಗಳಿ ಬರೆದರೆ ಆ ವಾರ ಸಮುದ್ರದಲ್ಲಿ ಆ ಮೀನೇ ಉಳಿಯುತ್ತಿರಲಿಲ್ಲ.

“ನನ್ನ ಅಂಕಣಗಳನ್ನೆಲ್ಲ ಯಾರೋ ತಮ್ಮ ವೆಬ್‌ಸೈಟಿಗೆ ಹಾಕ್ಕೊಂಡಿದ್ದಾರೆ. ಕೇಳಿಲ್ಲ, ಹೇಳಿಲ್ಲ.”

“ಕೆಳಗೆ ನಿಮ್ಮ ಹೆಸರೇ ಇದೆಯಲ್ಲಮ್ಮಾ?”

“ನಿಮ್ಮ ಸೈಕಲ್ ಮೇಲೂ ನಿಮ್ಮ ಹೆಸರಿದೆ. ತಗೊಂಡು ಹೋಗ್ಲಾ?” ಅಜ್ಜಿಯ ದನಿ ಇಳಿಯಿತು. “ಪುಕ್ಕಟೆ ಸಿಗೋದನ್ನ ಯಾರು ಕೊಳ್ತಾರೆ ಅಂತ ಪ್ರಕಾಶಕರು ಕೈಯೆತ್ತಿಬಿಟ್ರು. ಆ ಅಂಕಣಗಳದೇ ನನ್ನ ಮೊದಲನೇ ಪುಸ್ತಕ ಬರ್ಬೇಕಿತ್ತು. ನಂಗೆ ಎಂಬತ್ತೊಂದು.”

ಎಫ್‌ಐಆರ್ ದಾಖಲಾಯಿತು. ಕಾನ್‌ಸ್ಟೆಬಲ್ ಉಶಿಯೊ ವೆಬ್‌ಸೈಟಿನ ಜಾಡು ಹಿಡಿದಳು. ಸಿಕ್ಕಿದವನು ಒಕುಬಾತ ಸೆಯಿರೊಕು, ದೋಣಿಕಟ್ಟೆಯ ನಿವೃತ್ತ ಟಿಕೆಟ್ ಮಾಸ್ತರ. ಅವನ ಮನೆ ಗುಡ್ಡದ ನೆತ್ತಿಯಲ್ಲಿತ್ತು. ನುಣ್ಣಗೆ ಕ್ಷೌರ ಮಾಡಿಕೊಂಡು ಹತ್ತತೊಡಗಿದ ನಾಗಾತೊಮೊಗೆ ಬಾಗಿಲು ತಟ್ಟುವಾಗ ಗಡ್ಡ ಬಂದಿತ್ತು.

“ಅನುಮತಿ ತಗೊಂಡಿದ್ರಾ?”

“ಪದ್ಧತಿ ಪ್ರಕಾರ ಪ್ರತಿ ಬೇಸಿಗೆ ಅವರಿಗೆ ಉಡುಗೊರೆಯಾಗಿ ಶಾವಿಗೆ ಪೆಟ್ಟಿಗೆ ಕಳಿಸ್ತೀನಿ. ಅವರು ಪ್ರತಿಯಾಗಿ ಟವೆಲ್ ಕಳಿಸ್ತಾರೆ. ಒಪ್ಪಿಗೆ ಇಲ್ದಿದ್ರೆ ಪೆಟ್ಟಿಗೆ ವಾಪಸ್ ಬರ್ತಿರಲಿಲ್ವಾ?”

“ಬಾಯಿಬಿಟ್ಟು ಕೇಳಿದ್ರಾ?”

“ಛೆ! ಅಷ್ಟು ದೊಡ್ಡವರನ್ನ ಹಾಗೆ ಕೇಳೋದಾ? ಮರ್ಯಾದೆ ಬೇಡ್ವಾ?”

ಫೋನಿನಲ್ಲಿ ಫುಮಿಯೆ ನಿಟ್ಟುಸಿರಿಟ್ಟರು. “ಅರ್ಧ ಊರೇ ನಂಗೆ ಶಾವಿಗೆ ಕಳಿಸುತ್ತಪ್ಪಾ. ಎಲ್ಲರಿಗೂ ಟವೆಲ್ ಹೋಗುತ್ತೆ. ಪೂರ್ತಿ ತೆಗೆದುಹಾಕ್ಲಿ, ದೂರು ವಾಪಸ್ ತಗೋತೀನಿ. ಒಂದೂ ಉಳೀಬಾರ್ದು ಅಂದಿದ್ದಾರೆ ಪ್ರಕಾಶಕರು.”

ಒಕುಬಾತ ಎಲ್ಲವನ್ನೂ ತೆಗೆದ, ಒಂದನ್ನು ಬಿಟ್ಟು. ನಾಗಾತೊಮೊ ಮತ್ತೆ ಗುಡ್ಡ ಹತ್ತಿದ.

“ಅಜ್ಜಾ, ಇದೊಂದನ್ನೂ ತೆಗೆದುಬಿಡಿ. ನಾನು ಮನೆಗೆ ಹೋಗಿ ಮಲಗ್ತೀನಿ.”

“ಇದೊಂದು ಆಗಲ್ಲಪ್ಪ.”

“ಜೈಲಾಗುತ್ತೆ.”

“ಆಗ್ಲಿ.”

ಮೂರನೆಯ ಸಲ ಹತ್ತಿದ್ದು ವಾರಂಟ್ ಹಿಡಿದು. ನೆರೆಮನೆಯವರ ಎದುರು ಪಂಚನಾಮೆ ನಡೆಸಿ ಕಂಪ್ಯೂಟರ್ ವಶಕ್ಕೆ ತೆಗೆದುಕೊಂಡು ಒಕುಬಾತನನ್ನು ಬಂಧಿಸಲಾಯಿತು. ಅವನು ಗ್ಯಾಸ್ ಆರಿಸಿ, ತೊಂದರೆ ಕೊಟ್ಟೆನೆಂದು ನೆರೆಮನೆಯವರಿಗೆ ತಲೆಬಾಗಿ ಹೊರಟ.

ಠಾಣೆಯಲ್ಲಿ, ಉಳಿದಿದ್ದ ಆ ಅಂಕಣವನ್ನು ಉಶಿಯೊ ಓದಿದಳು. ಮಂಜು ಕವಿದ ಬಂದರಿನ ಕುರಿತದ್ದು, ಅಂಥ ವಿಶೇಷವೇನಿರಲಿಲ್ಲ. ಕೊನೆಯ ಸಾಲಿನಲ್ಲಿ ಮಾತ್ರ, ಪ್ರಯಾಣಿಕರೇ ಇಲ್ಲದ ದೋಣಿಗೂ ತಲೆಬಾಗಿ ಬೀಳ್ಕೊಡುವ ಒಬ್ಬ ಟಿಕೆಟ್ ಮಾಸ್ತರನಿದ್ದ. ಹೆಸರಿರಲಿಲ್ಲ.

“ಇದು ನೀವೇನಾ ಅಜ್ಜಾ?”

ಒಕುಬಾತ ನೆಲ ನೋಡಿದ. “ಹೂಂ.”

“ಮತ್ತೆ ಮೊದಲಿಂದ ಇದೊಂದನ್ನೇ ಹಾಕ್ಕೋಬಹುದಿತ್ತಲ್ಲ? ಯಾರ ಕಣ್ಣಿಗೂ ಬೀಳ್ತಿರಲಿಲ್ಲ.”

“ಇದೊಂದನ್ನೇ ಹಾಕಿದ್ರೆ ಜಂಬ ಅಂತಿರಲಿಲ್ವೇನಮ್ಮಾ?”

ನಾಗಾತೊಮೊ ಕಣ್ಣುಜ್ಜಿಕೊಂಡ. ಅಪರಾಧದ ಉದ್ದೇಶ ಬರೆಯಬೇಕಾದ ಜಾಗದಲ್ಲಿ ಅವನ ಪೆನ್ನು ಬಹಳ ಹೊತ್ತು ನಿಂತಿತ್ತು. ಕೊನೆಗೆ ಬರೆದ: “ಲಾಭಕ್ಕಾಗಿ ಅಲ್ಲ. ಆರೋಪಿಗೆ ಸಂಕೋಚ ಹೆಚ್ಚು.”